ಸಾಕು ಅನ್ನಬೇಕಾದವರು ಯಾರು?

ತುಮಕೂರು ಸೀಮೆಯ ಮನೆಗಳಲ್ಲಿ ಊಟದ ಹೊತ್ತಿಗೆ ಎರಡು ದನಿ ಕೇಳುತ್ತವೆ. "ಇನ್ನೊಂದ್ ಚೂರ್ ಹಾಕ್ಲಾ? ಏನ್ ನಾಚ್ಕೊಂತೀರ, ಹಾಕಿಸ್ಕೊಳ್ಳಿ" ಅನ್ನುವುದು ಒಂದು. "ಶುಗರ್ ಎಷ್ಟಿದೆ ಅಂತ ಜ್ಞಾಪಕ ಇದೆ ತಾನೆ? ಅರ್ಧ ಮುದ್ದೆಗೆ ಎದ್ದೇಳಿ" ಅನ್ನುವುದು ಇನ್ನೊಂದು. ಬಹಳ ಸಲ ಎರಡನ್ನೂ ಹೇಳುವವರು ಒಬ್ಬರೇ. ಮೊದಲನೆಯದು ಅಳಿಯನಿಗೆ, ಎರಡನೆಯದು ಗಂಡನಿಗೆ.

ಈಚೆಗೆ ಮೂರನೆಯದೊಂದು ಬಂದು ಸೇರಿಕೊಂಡಿದೆ. ಅದು ಹೊರಗೆ ಕೇಳಿಸುವುದಿಲ್ಲ. ಮದುವೆ ಮನೆಯಲ್ಲಿ ಎರಡನೆಯ ಹೋಳಿಗೆ ತಿಂದು ಕೈ ತೊಳೆಯುವಾಗ ಒಳಗೇ ಆಡಿಕೊಳ್ಳುವ ಮಾತು: ತಿನ್ನಬಾರದಿತ್ತು, ನಾಳೆಯಿಂದ ಬಂದ್. ಉಂಡದ್ದಕ್ಕೆ ತೃಪ್ತಿಯಿಂದ ತೇಗುತ್ತಿದ್ದ ಊರಿನಲ್ಲಿ ಉಂಡದ್ದಕ್ಕೆ ಪಶ್ಚಾತ್ತಾಪ ಪಡುವವರ ಸಂಖ್ಯೆ ಬೆಳೆಯುತ್ತಿದೆ. ಇದನ್ನು ಪೇಟೆಯವರ ಸೋಗು ಎಂದು ತಳ್ಳಿಹಾಕುವಂತಿಲ್ಲ. ಗುಬ್ಬಿಯ ತೆಂಗಿನ ತೋಟದ ಯಜಮಾನರಿಗೂ ಕುಣಿಗಲ್‌ ಬಸ್‌ ಸ್ಟ್ಯಾಂಡಿನಲ್ಲಿ ಕಾಲೇಜು ಬಸ್ಸಿಗೆ ಕಾಯುವ ಹುಡುಗಿಗೂ ಅದು ತಗುಲಿದೆ.

ಅಂಕಿಅಂಶಗಳೂ ಇಂಥದೇ ಇಬ್ಬಂದಿಯನ್ನು ಹೇಳುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲಿ ಶೇ 30ರಷ್ಟು ಮಂದಿಯ ತೂಕ ಹೆಚ್ಚು, ಶೇ 17ರಷ್ಟು ಮಂದಿಯದು ಕಡಿಮೆ. ಒಂದೇ ರಾಜ್ಯ, ಒಂದೇ ಪಡಿತರ, ಕೆಲವು ಸಲ ಒಂದೇ ಮನೆ. ಹಾಗಾದರೆ ಇವರಿಗೆ ಏನು ಹೇಳಬೇಕು? ಕಟ್ಟುನಿಟ್ಟಾಗಿ ಲೆಕ್ಕ ಹಾಕಿ ಉಣ್ಣಿ ಎಂದೇ? ಅಥವಾ ಲೆಕ್ಕ ಬಿಟ್ಟು ಹಸಿವಿನ ಮಾತು ಕೇಳಿ ಎಂದೇ? ಎರಡೂ ಕಡೆ ತಿಳಿದವರಿದ್ದಾರೆ, ಎರಡೂ ಕಡೆ ಪುರಾವೆಯಿದೆ.

ಬಲವಂತ ಮಾಡಿ ಬಡಿಸುವುದು ನಮ್ಮಲ್ಲಿ ಹೇಗೆ ಬಂತು ಎನ್ನುವುದನ್ನು ಮೊದಲು ನೋಡಬೇಕು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಬರಿದಾಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಮಳೆ ನಂಬಿ ರಾಗಿ, ಹುರುಳಿ ಬಿತ್ತುವ ಈ ಜಿಲ್ಲೆಗೆ ಆ ಭಯ ಹೊಸದೂ ಅಲ್ಲ, ಅಲ್ಲಿಗೆ ಮುಗಿದದ್ದೂ ಅಲ್ಲ. ಪಾವಗಡ, ಶಿರಾ, ಮಧುಗಿರಿಯ ಕಡೆ ಮುಗಿಲು ನೋಡುತ್ತಾ ಕೂರುವುದು ಇವತ್ತಿಗೂ ತಪ್ಪಿಲ್ಲ. ಅಂಥ ನೆಲದಲ್ಲಿ "ಇನ್ನೊಂದು ತುತ್ತು" ಅನ್ನುವುದು ಬರೀ ಉಪಚಾರದ ಮಾತಾಗಿರಲಿಲ್ಲ. ಇರುವಾಗ ತುಂಬಿಕೊ, ನಾಳೆ ಹೇಗೋ ಏನೋ ಎಂಬ ಬುದ್ಧಿವಾದವೂ ಅದರಲ್ಲಿತ್ತು. ತಟ್ಟೆಯಲ್ಲಿ ಅಗುಳು ಬಿಟ್ಟರೆ ಅಜ್ಜಿ ಗದರುತ್ತಿದ್ದದ್ದೂ ಅದಕ್ಕೇ. ಆ ಅಜ್ಜಿಯ ಮೊಮ್ಮಗ ಈಗ ವಸಂತನರಸಾಪುರದ ಕಾರ್ಖಾನೆಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಾನೆ. ಉಳುಮೆಯಿಲ್ಲ, ಕಳೆ ಕೀಳುವುದಿಲ್ಲ. ತುಂಬಿಕೊಳ್ಳುವ ಅಭ್ಯಾಸ ಮಾತ್ರ ಉಳಿದಿದೆ.

ಕಟ್ಟಿನ ಪಕ್ಷದವರು ಇಲ್ಲಿಂದಲೇ ಶುರುಮಾಡುತ್ತಾರೆ. ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ್ದು, ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಅಂದಾಜಿನಂತೆ ದೇಶದ ಒಟ್ಟು ರೋಗಭಾರದ ಅರ್ಧಕ್ಕೂ ಮಿಗಿಲಾದ ಪಾಲಿಗೆ, ಅಂದರೆ ಶೇ 56.4ಕ್ಕೆ, ಊಟದ ಕ್ರಮ ಕೆಟ್ಟಿರುವುದೇ ಕಾರಣ. ಈ ಸ್ಥಿತಿಯಲ್ಲಿ "ನಿಮ್ಮ ಹೊಟ್ಟೆ ಹೇಳಿದಷ್ಟು ಉಣ್ಣಿ" ಅನ್ನುವುದು ಬೇಜವಾಬ್ದಾರಿ ಎಂದು ಅವರ ವಾದ.

ಆ ವಾದಕ್ಕೆ ಗಟ್ಟಿ ಆಧಾರಗಳಿವೆ. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆ ಬಂದು ಆರು ವರ್ಷ ದಾಟದ, ಇನ್ಸುಲಿನ್ ತೆಗೆದುಕೊಳ್ಳದ ಜನರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಕೊಟ್ಟರು. ಊಟವೇ ಇಲ್ಲ, ಅಳೆದ ಪುಡಿ ಕಲಸಿ ಕುಡಿಯುವುದು. ವರ್ಷದ ಕೊನೆಗೆ ಶೇ 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆಯೇ ಹತೋಟಿಗೆ ಬಂದಿತ್ತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಹಾಗಾದದ್ದು ಶೇ 4 ಮಂದಿಗೆ ಮಾತ್ರ. ಹಸಿವಿನ ಮಾತು ಕೇಳಿಕೊಂಡು ಯಾರೂ ಇಲ್ಲಿಗೆ ತಲುಪುತ್ತಿರಲಿಲ್ಲ. ಎರಡು ವರ್ಷಕ್ಕೆ ಆ 46 ಎಂಬುದು 36ಕ್ಕೆ ಇಳಿಯಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಕಟ್ಟು ಹಾಕಿಕೊಳ್ಳುವುದಕ್ಕಿಂತ ಅದನ್ನು ಕಾಯುವುದು ಕಷ್ಟ.

ಅವರ ಇನ್ನೊಂದು ಮಾತು ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಹಸಿವಿನ ಮಾತು ಕೇಳು ಎನ್ನುತ್ತೀರಲ್ಲ, ಆ ಮಾತನ್ನೇ ತಿರುಚುವಂಥ ತಿನಿಸು ಬಂದಿರುವಾಗ ಏನು ಮಾಡುತ್ತೀರಿ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಒಳಗೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎರಡರಲ್ಲೂ ಸಕ್ಕರೆ, ಕೊಬ್ಬು, ನಾರು ಒಂದೇ ಪ್ರಮಾಣದಲ್ಲಿ ಸಿಗುವಂತೆ ಇಟ್ಟು, ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಕಾರ್ಖಾನೆಯ ತಿನಿಸಿನ ವಾರಗಳಲ್ಲಿ ಅದೇ ಜನ ದಿನಕ್ಕೆ 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು. 2019ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಕುಣಿಗಲ್‌ ದಾಟುವ ಹೆದ್ದಾರಿಯ ಪಕ್ಕದ ಅಂಗಡಿಗಳಲ್ಲಿ ತೂಗಾಡುವ ಚಿಪ್ಸ್ ಪೊಟ್ಟಣಗಳ ಮುಂದೆ ನಿಂತು ನೆನೆಯಬೇಕು. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ ಫುಡ್ ಪಾರ್ಕ್ ಇರುವುದು ತುಮಕೂರಿನಲ್ಲೇ. ಅದು ರೈತನ ಬೆಳೆಗೆ ಬೆಲೆ ತರುವ ಕೆಲಸ, ಬೇಡವೆನ್ನಲಾರೆ. ಆದರೆ ಪೊಟ್ಟಣದ ಯುಗದಲ್ಲಿ ಹೊಟ್ಟೆಯೊಂದನ್ನೇ ನಂಬಿ ಕೂರುವುದು ಕಷ್ಟ.

ನಮ್ಮ ಹಿರಿಯರೂ ಹೊಟ್ಟೆಯನ್ನು ಪೂರ್ತಿ ನಂಬಿದವರಲ್ಲ. ಒಪ್ಪತ್ತುಂಡವ ಯೋಗಿ, ಎರಡೊತ್ತುಂಡವ ಭೋಗಿ, ಮೂರೊತ್ತುಂಡವ ರೋಗಿ ಎಂದು ಗಾದೆ ಮಾಡಿಟ್ಟರು. ಸೋಮವಾರದ ಒಪ್ಪತ್ತು, ಏಕಾದಶಿ, ಶಿವರಾತ್ರಿಯ ಉಪವಾಸ ಮಾಡಿದರು. ತುಮಕೂರಿನ ಹತ್ತಿರದ ಮಂದರಗಿರಿಯ ಬಸದಿಗಳಿಗೆ ನಡೆದುಕೊಳ್ಳುವ ಜೈನರಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರಿದ್ದಾರೆ. ರಂಜಾನಿನಲ್ಲಿ ಊರಿನ ಇನ್ನೊಂದು ಭಾಗ ತಿಂಗಳಿಡೀ ಹಗಲು ನೀರೂ ಮುಟ್ಟುವುದಿಲ್ಲ. ಒಪ್ಪತ್ತಿನ ಹೆಸರಲ್ಲಿ ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ ಸೇರಿ ಊಟಕ್ಕಿಂತ ಭಾರವಾಗುವುದೂ ಉಂಟು, ಅದು ಬೇರೆ ಮಾತು.

ಬಿಡುವಿನ ಪಕ್ಷಕ್ಕೆ ಬರೋಣ. 1995ರಲ್ಲಿ ಅಮೆರಿಕದ ಇಬ್ಬರು ಆಹಾರ ತಜ್ಞೆಯರು, ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್, 'ಇಂಟ್ಯೂಟಿವ್ ಈಟಿಂಗ್' ಎಂಬ ಪುಸ್ತಕ ಬರೆದರು. ತಿನಿಸುಗಳನ್ನು ಒಳ್ಳೆಯದು ಕೆಟ್ಟದು ಎಂದು ವಿಂಗಡಿಸಬೇಡಿ, ಹಸಿದಾಗ ತಿನ್ನಿ, ತುಂಬಿದಾಗ ನಿಲ್ಲಿಸಿ, ತಿಂದದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ ಎನ್ನುವುದು ಅದರ ತಿರುಳು. ಕೇಳಲು ಸಲೀಸಾದ ಈ ಮಾತಿನ ಹಿಂದೆ ಒಂದು ಕಠೋರವಾದ ಹಳೆಯ ಪ್ರಯೋಗವೂ ಇದೆ.

1944–45ರಲ್ಲಿ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ಅರೆಹೊಟ್ಟೆಯಲ್ಲಿಟ್ಟ. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದೆ ಬೇರೆ ಸೇವೆಗೆ ಬಂದವರು ಅವರು. 24 ವಾರದಲ್ಲಿ ದೇಹತೂಕದ ಕಾಲುಭಾಗ ಹೋಯಿತು. ಬೇರೆಯದೂ ಹೋಯಿತು. ಓದು ಬೇಡವಾಯಿತು, ಗೆಳೆಯರು ಬೇಡವಾದರು, ತಲೆಯ ತುಂಬ ಊಟವೇ. ಅಡುಗೆ ಪುಸ್ತಕಗಳನ್ನು ಕಾದಂಬರಿ ಓದುವಂತೆ ಓದಿದರು. ತಟ್ಟೆ ನೆಕ್ಕಿದರು. ಮತ್ತೆ ಹೊಟ್ಟೆತುಂಬ ಊಟ ಕೊಡಲು ಶುರುಮಾಡಿದ ಮೇಲೂ ಕೆಲವರಿಗೆ ತುಂಬಿತು ಅನ್ನಿಸುತ್ತಲೇ ಇರಲಿಲ್ಲ, ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ತೀರಲಿಲ್ಲ. ಅವರಿಗೆ ಕೊಡುತ್ತಿದ್ದದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ. ಇವತ್ತು ಎಷ್ಟೋ ಮಂದಿ ಮೊಬೈಲಿನ ಆ್ಯಪ್‌ ಹೇಳಿತೆಂದು ಅದಕ್ಕಿಂತ ಕಡಿಮೆಗೆ ಇಳಿಯುತ್ತಾರೆ, ಒಂದು ತಿಂಗಳು ಬಿಟ್ಟು ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಡಬ್ಬಿ ತೆಗೆದು ಮಿಕ್ಸ್ಚರ್‌ ಖಾಲಿ ಮಾಡುತ್ತಾರೆ, ಆಮೇಲೆ "ನನಗೆ ಮನೋಬಲವೇ ಇಲ್ಲ" ಎಂದು ಕೊರಗುತ್ತಾರೆ.

1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಮಾಡಿದ ಸಣ್ಣ ಪ್ರಯೋಗವೊಂದು ಇದರ ಒಳಗುಟ್ಟು ಹೇಳುತ್ತದೆ. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಮ್ ಇಟ್ಟು, ರುಚಿ ನೋಡಿ ಹೇಳಿ, ಬೇಕಾದಷ್ಟು ತಿನ್ನಿ ಎಂದರು. ಮಾಮೂಲಿ ಜನ ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಊಟಕ್ಕೆ ಲಗಾಮು ಹಾಕಿಕೊಂಡವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೇ ಹೆಚ್ಚು ತಿಂದರು. ಹೇಗೂ ಇವತ್ತಿನ ವ್ರತ ಕೆಟ್ಟಿತು, ಇನ್ನೇನು? ಲಗಾಮು ಬಿಗಿಯಾದಷ್ಟೂ ಅದು ಕಿತ್ತುಹೋದಾಗಿನ ಓಟ ಜೋರು. ಕುಣಿಗಲ್ಲಿನ ಕುದುರೆ ಫಾರಂ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಊಟದ ಜತೆಗಿನ ಸಂಬಂಧ ಪೂರ್ತಿ ಹಾಳಾಗಿ ಕಾಯಿಲೆಯಾಗುವುದೂ ಇದೆ. ಉಣ್ಣುವುದನ್ನೇ ಬಿಡುವುದು, ಉಂಡದ್ದನ್ನು ಬೇಕಂತಲೇ ವಾಂತಿ ಮಾಡುವುದು, ಗುಟ್ಟಾಗಿ ವಿಪರೀತ ತಿನ್ನುವುದು. ಇದು ಬಿಳಿಯರ ದೇಶದ ರೋಗ, ನಮ್ಮಲ್ಲಿಲ್ಲ ಎನ್ನುವ ಮಾತು ಬಹಳ ಕಾಲ ಓಡಾಡಿತು. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಗಾಗಿ ಬೆಂಗಳೂರಿನ ಮನೋವೈದ್ಯರನ್ನೇ ಕೇಳಿದಾಗ ಮೂವರಲ್ಲಿ ಸುಮಾರು ಇಬ್ಬರು ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದೇವೆ ಎಂದರು. ಬೆಂಗಳೂರಿನಿಂದ ತುಮಕೂರು ಎಪ್ಪತ್ತು ಕಿಲೋಮೀಟರ್. ರೈಲಿನಲ್ಲಿ ದಿನಾ ಹೋಗಿ ಬರುವವರು ಸಾವಿರಾರು ಜನ. ಹುಡುಗಿಯರ ಹಾಸ್ಟೆಲಿನಲ್ಲಿ ರಾತ್ರಿಯೂಟ ಬಿಡುವವರನ್ನು "ಡಯಟ್ ಮಾಡ್ತವಳೆ" ಎಂದು ನಕ್ಕು ಸುಮ್ಮನಾಗುವುದು ಯಾವಾಗಲೂ ಸರಿಯಲ್ಲ. ಇಂಥ ಲಕ್ಷಣ ಕಂಡರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇಂಥ ಕಾಯಿಲೆಗೆ ನೀರೆರೆಯುವುದು ನಮ್ಮ ಬಂಧುಬಳಗದ ಮಾತು. ವರ್ಷಕ್ಕೊಮ್ಮೆ ಜಾತ್ರೆಗೆ ಬಂದ ಅತ್ತೆ ಬಾಗಿಲಲ್ಲೇ "ಏನೇ ಇದು, ಹಿಂಗ್ ಊದ್ಕೊಂಡಿದೀಯ, ಗಂಡ್ ನೋಡೋದ್ ಬೇಡ್ವಾ?" ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಅದೇ ಅತ್ತೆ, ಅದೇ ಹುಡುಗಿಗೆ, "ಇಷ್ಟೇನಾ ತಿನ್ನೋದು? ಕೋಳಿ ಕೆದಕ್ದಂಗೆ!" ಎಂದು ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಾರೆ. ಪ್ರೀತಿ ಇಲ್ಲವೆಂದಲ್ಲ. ಆ ಹುಡುಗಿಯ ಹೊಟ್ಟೆ ಏನು ಹೇಳುತ್ತಿದೆ ಎಂದು ಯಾರೂ ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಹಾಗೆಂದು ಬಿಡುವಿನ ಪಕ್ಷ ಗೆದ್ದಿತೆಂದು ಹೇಳಲು ನಾನು ಸಿದ್ಧನಿಲ್ಲ. ಹಸಿವು ನೋಡಿಕೊಂಡು ಉಣ್ಣುವವರು ನೆಮ್ಮದಿಯಾಗಿದ್ದಾರೆ ಎಂದು ತೋರಿಸುವ ಅಧ್ಯಯನಗಳಲ್ಲಿ ಹೆಚ್ಚಿನವು ಒಂದು ಹೊತ್ತಿನಲ್ಲಿ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡವು. ಹಾಗೆ ಉಂಡದ್ದರಿಂದ ನೆಮ್ಮದಿ ಬಂತೋ, ನೆಮ್ಮದಿ ಇದ್ದವರು ಹಾಗೆ ಉಣ್ಣುತ್ತಾರೋ, ಅದರಿಂದ ತಿಳಿಯದು. ಇನ್ಸುಲಿನ್ ಚುಚ್ಚಿಕೊಂಡವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು ಹಸಿವಾಗಲಿ ಆಗದಿರಲಿ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ತಪ್ಪಿದರೆ ತಲೆ ಸುತ್ತಿ ಬೀಳಬಹುದು. ಬಿದರೆಹಳ್ಳ ಕಾವಲಿನಲ್ಲಿ, 2023ರಲ್ಲಿ ಶುರುವಾದ ಎಚ್‌ಎಎಲ್‌ ಹೆಲಿಕಾಪ್ಟರ್ ಕಾರ್ಖಾನೆ ಇರುವ ಗುಬ್ಬಿ ತಾಲ್ಲೂಕಿನಂಥ ಕಡೆ ಪಾಳಿಯ ಕೆಲಸ ಹೆಚ್ಚುತ್ತಾ ಹೋದಂತೆ ಹಸಿವಿನ ಗಡಿಯಾರವೇ ಅದಲು ಬದಲಾಗುತ್ತದೆ. ಇನ್ನೊಂದು ವಿಷಯ: ತಜ್ಞರ ಉಸ್ತುವಾರಿಯಲ್ಲಿ ಮಕ್ಕಳ, ಹದಿಹರೆಯದವರ ತೂಕ ಇಳಿಸಿದ ಕಡೆಗಳಲ್ಲಿ ಊಟದ ಬಗೆಗಿನ ಮನೋವಿಕಾರ ಹೆಚ್ಚಾದದ್ದು ಕಂಡಿಲ್ಲ, ಕಡಿಮೆಯಾದದ್ದೇ ಕಂಡಿದೆ. ಕೆಡಿಸುವುದು ಕಟ್ಟಲ್ಲ, ಒಂಟಿಯಾಗಿ, ಗುಟ್ಟಾಗಿ, ನಾಚಿಕೆಯಿಂದ ಹಾಕಿಕೊಂಡ ಕಟ್ಟು ಎಂದು ಇದರಿಂದ ಊಹಿಸಬಹುದು.

ವ್ರತಕ್ಕೂ ಡಯಟ್ಟಿಗೂ ಇರುವ ಅಂತರ ಇದೇ ಎಂದು ನನ್ನ ಎಣಿಕೆ. ಶಿವರಾತ್ರಿ ಉಪವಾಸಕ್ಕೆ ಶುರು ಇದೆ, ಮರುದಿನ ಬೆಳಿಗ್ಗೆ ಪಾರಣೆ ಇದೆ. ಮನೆಯವರೆಲ್ಲ, ಬೀದಿಯವರೆಲ್ಲ ಜತೆಯಲ್ಲಿರುತ್ತಾರೆ. ಬಸುರಿಗೆ, ಮಕ್ಕಳಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆ. ತಪ್ಪಿ ಬಾಯಿಗೆ ಹಾಕಿಕೊಂಡರೆ "ತಪ್ಪಾಯ್ತಪ್ಪ ಶಿವನೆ" ಎಂದು ಕೈಮುಗಿದರೆ ತೀರಿತು. ಡಯಟ್ಟಿಗೆ ಇದೊಂದೂ ಇಲ್ಲ. ಅದು ಮುಗಿಯುವ ದಿನ ಯಾವ ಪಂಚಾಂಗದಲ್ಲೂ ಬರೆದಿಲ್ಲ. ತಪ್ಪಿದರೆ ಕ್ಷಮಿಸುವವರು ಯಾರೂ ಇಲ್ಲ, ತೂಕದ ಯಂತ್ರವಂತೂ ಕ್ಷಮಿಸದು. ಆದರೆ ವ್ರತವನ್ನೂ ಹೊಗಳಿ ಕೂರುವಂತಿಲ್ಲ. ಮೈಗೆ ಹಿಡಿಸದ ಉಪವಾಸಗಳನ್ನು ಮನೆಯ ಹೆಂಗಸರ ಮೇಲೆ ಹೇರಿದ ಚರಿತ್ರೆಯೂ ಅದರದೇ. ವಾರಕ್ಕೆರಡು ಒಪ್ಪತ್ತು ಹಿಡಿದು ರಕ್ತಹೀನತೆಯಿಂದ ಬಿಳಿಚಿಕೊಂಡವರು ನಮ್ಮ ಬೀದಿಗಳಲ್ಲೇ ಇದ್ದಾರೆ.

ಎರಡೂ ಪಕ್ಷಗಳನ್ನು ಒಂದೇ ಸೂರಿನಡಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ತುಮಕೂರಿನಿಂದ ಕ್ಯಾತ್ಸಂದ್ರಕ್ಕೆ ಬಂದು ಸಿದ್ಧಗಂಗಾ ಮಠದ ಕಡೆ ತಿರುಗಿದರೆ ಸಾಕು. 1907ರ ಏಪ್ರಿಲ್ 1ರಂದು ಹುಟ್ಟಿ, 1930ರಲ್ಲಿ ಸನ್ಯಾಸ ತೆಗೆದುಕೊಂಡು, 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಬೆಳೆಸಿದ ಜಾಗ ಅದು. ಜಾತಿ ಮತ ಕೇಳದೆ ಸೇರಿಸಿಕೊಂಡ ಹತ್ತು ಸಾವಿರದಷ್ಟು ಮಕ್ಕಳಿಗೆ ದಿನವೂ ಊಟ. ಸ್ವಾಮೀಜಿ ತೀರಿಕೊಂಡ ಸುದ್ದಿಯನ್ನು ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಹೇಳಬಾರದು ಎಂಬುದು ಅವರದೇ ಇಚ್ಛೆಯಾಗಿತ್ತೆಂದು ಅಂದಿನ ಪತ್ರಿಕೆಗಳೆಲ್ಲ ಬರೆದವು. ಇಷ್ಟೊಂದು ಜನಕ್ಕೆ ಉಣಿಸಿದ ಮನುಷ್ಯ ಮಾತ್ರ ಅತಿ ಮಿತಾಹಾರಿ. ಉಣಿಸುವುದರಲ್ಲಿ ಧಾರಾಳ, ಉಣ್ಣುವುದರಲ್ಲಿ ಬಿಗಿ.

ದಾಸೋಹದ ಸಾಲನ್ನು ಹತ್ತಿರದಿಂದ ಗಮನಿಸಿ. ಏನು ಬಡಿಸಬೇಕು ಎನ್ನುವುದು ಮಠದ ತೀರ್ಮಾನ: ಮುದ್ದೆ, ಅನ್ನ, ಸಾರು. ಇವತ್ತು ನನಗೆ ನೂಡಲ್ಸ್ ಬೇಕು ಎಂದು ಯಾವ ಹುಡುಗನೂ ಕೇಳುವ ಹಾಗಿಲ್ಲ. ಯಾವಾಗ ಎನ್ನುವುದೂ ಮಠದ್ದೇ. ಗಂಟೆ ಹೊಡೆದಾಗ ಊಟ, ಅದಕ್ಕೆ ಮೊದಲು ಪ್ರಾರ್ಥನೆ. ಎಷ್ಟು ಎನ್ನುವುದು ಹುಡುಗನದು. ಬಕೆಟ್ ಹಿಡಿದು ಬಂದವರು ಮುಂದೆ ನಿಂತಾಗ ಕೈ ಅಡ್ಡ ಹಿಡಿದರೆ ಮುಂದಕ್ಕೆ ಹೋಗುತ್ತಾರೆ, ತಟ್ಟೆ ಮುಂದೆ ಸರಿಸಿದರೆ ಹಾಕುತ್ತಾರೆ. ಇನ್ನೊಂದು ಹಾಕಿಸ್ಕೊ ಎಂದು ಗಲ್ಲ ಹಿಡಿದು ತುರುಕಲು ಆ ಸಂದಣಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ! ಕುಣಿಗಲ್‌ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯ ದಾಸೋಹದಲ್ಲೂ ಕ್ರಮ ಹೀಗೆಯೇ.

ಅಮೆರಿಕದಲ್ಲಿ ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ 1980ರ ದಶಕದಿಂದ ತಂದೆತಾಯಿಗಳಿಗೆ ಹೇಳುತ್ತಾ ಬಂದದ್ದೂ ಇದನ್ನೇ. ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ಜವಾಬ್ದಾರಿ, ಎಷ್ಟು ಎನ್ನುವುದು ಮಗುವಿನದು. ಲಿಯಾನ್ ಬರ್ಚ್ ಮತ್ತು ಸಂಗಡಿಗರು 1987ರಲ್ಲಿ ಪುಟ್ಟ ಮಕ್ಕಳ ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಹೊಟ್ಟೆ ತುಂಬಿತಾ ನೋಡಿಕೊ ಎಂದು ಹೇಳಿಕೊಟ್ಟರು, ಇನ್ನೊಂದಕ್ಕೆ ತಟ್ಟೆ ಖಾಲಿ ಮಾಡಿದರೆ ಬಹುಮಾನ ಎಂದರು. ಮೊದಲ ಗುಂಪಿನ ಮಕ್ಕಳು ಶಕ್ತಿ ಹೆಚ್ಚಿದ್ದ ತಿನಿಸು ತಿಂದ ಮೇಲೆ ತಾವಾಗಿಯೇ ಕಡಿಮೆ ತಿಂದರು. ತಟ್ಟೆ ಖಾಲಿ ಮಾಡಲು ಕಲಿತವರಿಗೆ ಆ ಎಚ್ಚರ ಇರಲಿಲ್ಲ.

ಇಲ್ಲೊಂದು ತೊಡಕಿದೆ, ಅದನ್ನು ದಾಟಿ ಹೋಗಬಾರದು. ಶರಣ ಸಂಪ್ರದಾಯದಲ್ಲಿ ಪ್ರಸಾದ ಅಷ್ಟಾವರಣಗಳಲ್ಲೊಂದು. ತಟ್ಟೆಗೆ ಬಿದ್ದದ್ದನ್ನು ಬಿಸಾಡುವಂತಿಲ್ಲ. ಬರ್ಚ್ ಅವರ ಪ್ರಯೋಗ ನೋಡಿದವರು ಈ ನಿಯಮವನ್ನೇ ತಪ್ಪೆಂದು ಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಬಿಡಬಾರದು ಎಂಬ ನಿಯಮ ಕೇಡಾಗುವುದು ಹಾಕಿಸಿಕೊಳ್ಳುವ ಅಧಿಕಾರ ನಮ್ಮದಲ್ಲದಾಗ. ಅತ್ತೆ ಸುರಿದ ಮೇಲೆ ನಾನು ಮುಗಿಸಬೇಕೆಂದರೆ ಅದು ಶಿಕ್ಷೆ. ನಾನೇ ಸಾಕೆಂದು ಕೈ ಅಡ್ಡ ಹಿಡಿಯಬಹುದಾದರೆ, ಹಾಕಿಸಿಕೊಂಡದ್ದನ್ನು ಮುಗಿಸುವುದು ನ್ಯಾಯವೇ. ಬರ ಕಂಡ ಜಿಲ್ಲೆಗೆ ಅನ್ನ ಬಿಸಾಡು ಎಂದು ಯಾವ ಮನಶ್ಶಾಸ್ತ್ರವೂ ಹೇಳಬೇಕಿಲ್ಲ.

ಈ ವಿಷಯದಲ್ಲಿ ಮುದ್ದೆಗೆ ಒಂದು ಗುಣವಿದೆ: ಅದಕ್ಕೆ ಎಣಿಕೆಯಿದೆ. ಒಂದು, ಒಂದೂವರೆ, ಎರಡು. ತೊಳಸಿ, ಮರದ ಮಣೆಯ ಮೇಲೆ ಕಟ್ಟಿ ಇಟ್ಟ ಮೇಲೆ ಎಷ್ಟು ತಿಂದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಅನ್ನಕ್ಕೆ ಅದಿಲ್ಲ. ಸಾರಿಗೆ ಅನ್ನ ಕಡಿಮೆ, ಅನ್ನಕ್ಕೆ ಸಾರು ಕಡಿಮೆ ಎಂದು ಒಂದರ ಹಿಂದೆ ಒಂದು ಸೌಟು ಬೀಳುತ್ತಲೇ ಇರುತ್ತದೆ. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಪಿಷ್ಟವೇ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ನಾರು. ಜತೆಗೆ ಹುರುಳಿಕಾಳು ಸಾರು, ಬಸ್ಸಾರು ಇದ್ದರೆ ಲೆಕ್ಕ ಸರಿಹೋಗುತ್ತದೆ.

ಇದೇ ಮುದ್ದೆಯನ್ನು ಆಫೀಸಿನ ಡಬ್ಬಿಯಲ್ಲಿ ತರಲು ನಾಚುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಬಿದ್ದು ರಾಗಿ ಗೆದ್ದು ಐನೂರು ವರ್ಷವಾಗುತ್ತಾ ಬಂದರೂ, ಮದುವೆ ಮನೆಯ ಎಲೆಯ ಮೇಲೆ ಅಕ್ಕಿಯದೇ ದರ್ಬಾರು. ಹುರುಳಿ ಕುದುರೆ ಮೇವೆಂದು ಹಂಗಿಸಿದವರು, 2023 ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಸಾರಿದ ಮೇಲೆ ರಾಗಿಯ ಜತೆ ಹುರುಳಿಯನ್ನೂ ಹೊಗಳತೊಡಗಿದರು. ನಾಚಿಕೆಯ ಇನ್ನೊಂದು ಮುಖ ಶಾಲೆಯ ಮೊಟ್ಟೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಹಲವು ಮಠಾಧೀಶರು ವಿರೋಧಿಸಿದರು. ಸಸ್ಯಾಹಾರಿ ಮಕ್ಕಳ ಮನಸ್ಸು ನೋಯುತ್ತದೆ ಎಂಬ ಅವರ ಕಳಕಳಿ ಸುಳ್ಳಲ್ಲ. ಬೇಡದವರಿಗೆ ಬಾಳೆಹಣ್ಣು, ಚಿಕ್ಕಿ ಕೊಟ್ಟು ಮೊಟ್ಟೆ ರಾಜ್ಯಕ್ಕೆಲ್ಲ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಇದರಲ್ಲಿ ನನ್ನ ಒಲವು ಮೊಟ್ಟೆಯ ಕಡೆಗೇ. ತನ್ನ ಮನೆಯ ಊಟವನ್ನು ಹೊಲಸು ಎಂದು ಕೇಳಿ ಬೆಳೆದ ಮಗು ಊಟದ ಜತೆ ನೆಮ್ಮದಿಯಾಗಿರುವುದು ಹೇಗೆ?

ಹಾಗಾದರೆ ತೀರ್ಪೇನು ಎಂದರೆ, ಪಾತ್ರೆಗೆ ಕಟ್ಟಿರಲಿ, ತಟ್ಟೆಗೆ ಬಿಡುವಿರಲಿ ಎಂಬ ದಾಸೋಹದ ಪದ್ಧತಿಯೇ ಹೆಚ್ಚಿನವರಿಗೆ ಒಗ್ಗುತ್ತದೆ ಎನ್ನುವ ಕಡೆ ನಾನು ವಾಲುತ್ತೇನೆ. ಮನೆಗೆ ಏನು ತರುತ್ತೇವೆ, ಏನು ಬೇಯಿಸುತ್ತೇವೆ, ಎಷ್ಟು ಹೊತ್ತಿಗೆ ಕೂರುತ್ತೇವೆ ಎನ್ನುವುದರಲ್ಲಿ ಬಿಗಿ. ಕೂತ ಮೇಲೆ ಲೆಕ್ಕವಿಲ್ಲ, ಉಪದೇಶವಿಲ್ಲ, ಬಲವಂತವಿಲ್ಲ. ಸಾಕೆಂದರೆ ಸಾಕು. ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವಾಗ ಅದನ್ನು ಪಾಪವೆಂದು ತಿನ್ನುವುದಕ್ಕಿಂತ ತಿಂಡಿಯೆಂದು ತಿನ್ನುವುದು ವಾಸಿ. ಪಾಪವೆಂದು ತಿಂದವನು ಹೇಗೂ ಕೆಟ್ಟೆನಲ್ಲ ಎಂದು ನಾಲ್ಕಕ್ಕೆ ಹೋಗುತ್ತಾನೆ. ಸಕ್ಕರೆ ಕಾಯಿಲೆಯವರಿಗೆ ಎಷ್ಟು ಎನ್ನುವುದನ್ನೂ ಪೂರ್ತಿ ಬಿಡಲಾಗದು, ಅಲ್ಲಿ ವೈದ್ಯರ ಅಳತೆ ಬೇಕು. ಆ ಅಳತೆಯನ್ನು ಮನೆಯವರೆಲ್ಲ ಎದುರಿಗೆ ಕೂತು ಕಾವಲು ಕಾಯಬೇಕಿಲ್ಲ. ಹೆಂಡತಿ ಪೊಲೀಸಾದ ಮನೆಗಳಲ್ಲಿ ಗಂಡ ಬೇಕರಿಯಲ್ಲಿ ನಿಂತು ತಿನ್ನುವುದನ್ನು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾವ ಸಂಜೆಯಾದರೂ ನೋಡಬಹುದು.

ಈ ತೀರ್ಪೂ ಮುಟ್ಟದ ಒಬ್ಬಳಿದ್ದಾಳೆ. ಎಲ್ಲರಿಗೂ ಬಡಿಸಿ, ಪಾತ್ರೆ ಬಗ್ಗಿಸಿ ನೋಡಿ, ಉಳಿದದ್ದನ್ನು ಉಣ್ಣುವವಳು. ಸಾರು ಕಡಿಮೆಯಿದ್ದ ದಿನ ಉಪ್ಪಿನಕಾಯಿ, ಅನ್ನ ಹೆಚ್ಚಾದ ದಿನ "ದಂಡ ಆಗುತ್ತೆ" ಎಂದು ಎರಡು ತುತ್ತು ಜಾಸ್ತಿ. ಅವಳ ತಟ್ಟೆಯಲ್ಲಿ ಎಷ್ಟು ಎನ್ನುವುದನ್ನು ಅವಳ ಹಸಿವೂ ತೀರ್ಮಾನಿಸುವುದಿಲ್ಲ, ವೈದ್ಯರ ಚೀಟಿಯೂ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಪಾತ್ರೆಯ ತಳ. ಅದೇ ಕುಟುಂಬ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನಡುವಿನ ಕರ್ನಾಟಕದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಎಂದು ಬಂದಿದೆ. ಐದು ವರ್ಷದ ಹಿಂದಿನ ಸಮೀಕ್ಷೆಗಿಂತ ಅದು ಹೆಚ್ಚಾಗಿದೆ. ಕೊನೆಗೆ ಉಣ್ಣುವುದೊಂದೇ ಅದಕ್ಕೆ ಕಾರಣ ಎನ್ನಲಾಗದು, ಆದರೆ ಕಾರಣಗಳ ಪಟ್ಟಿಯಲ್ಲಿ ಅದಿಲ್ಲ ಎಂದೂ ಹೇಳಲಾಗದು. ಹಸಿವಿನ ಮಾತು ಕೇಳಮ್ಮ ಎಂದು ಅವಳಿಗೆ ಹೇಳುವ ಮೊದಲು, ರಾತ್ರಿ ಎಂಟಕ್ಕೆ ಎಲ್ಲರ ಜತೆಯಲ್ಲೇ ತಟ್ಟೆ ಹಾಕಿಕೊಂಡು ಕೂರುತ್ತಾಳಾ ಎಂದು ಮನೆಯ ಗಂಡಸರನ್ನು ಕೇಳಬೇಕಾಗುತ್ತದೆ.